ಹೆಸರು ಕೇಳಿದ ತಪ್ಪು

ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಶಾಲೆಗಳಲ್ಲಿ ಮಗ್ಗಿ ಕಲಿಸಿದ ಮಹನೀಯರು ಹಲವರಿದ್ದಾರೆ. ಆದರೆ ಒಂದು ಕೈಯಲ್ಲಿ ಬಳಪವನ್ನೂ ಇನ್ನೊಂದು ಕೈಯಲ್ಲಿ ಅಂಚೆಯ ಮೊಹರನ್ನೂ ಹಿಡಿದು, ಮಕ್ಕಳಿಗೆ ಅಕ್ಷರವನ್ನೂ ಅವರ ತಾಯಂದಿರಿಗೆ ಕಾಗದಪತ್ರಗಳ ವಿಷಯದಲ್ಲಿ ಎಚ್ಚರವನ್ನೂ ಕಲಿಸಿದವರು, ನಾನು ಬಲ್ಲಮಟ್ಟಿಗೆ, ಪೂಜ್ಯ ಶ್ರೀ ಅಪ್ಪಯ್ಯಣ್ಣನವರೊಬ್ಬರೇ. ದೊಡ್ಡಬೆಳವಂಗಲ ಹೋಬಳಿಯ ಮಾರೇನಕಟ್ಟೆ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಉಪಾಧ್ಯಾಯರಾಗಿದ್ದು, ಅದರಲ್ಲಿ ಹದಿನೆಂಟು ವರ್ಷ ಅದೇ ಶಾಲೆಯ ಜಗಲಿಯ ಅಂಚೆ ಕಚೇರಿಯನ್ನೂ ನಡೆಸಿ, ಈ ೧೯೪೮ನೆಯ ಇಸವಿಯಲ್ಲಿ ನಿವೃತ್ತರಾಗುತ್ತಿರುವ ಅವರಿಗೆ ಈ ಸಂಪುಟವನ್ನು ಅರ್ಪಿಸುತ್ತಿರುವುದು ಯೋಗ್ಯವೇ ಆಗಿದೆ.

ಆದರೆ ಅಭಿನಂದನ ಸಮಿತಿಯವರು ನನಗೆ ಕಳಿಸಿದ ಸೇವಾವಿವರದಲ್ಲಿ ‘೧೯೪೪ರಲ್ಲಿ ಅಂಚೆಯ ಕೆಲಸವನ್ನು ಸ್ವಇಚ್ಛೆಯಿಂದ ಬಿಟ್ಟರು’ ಎಂದು ಬರೆದಿದೆ. ಅಯ್ಯಾ, ಯಾರ ಇಚ್ಛೆ? ಅವರನ್ನು ಆ ಕೆಲಸದಿಂದ ತೆಗೆದರು. ತೆಗೆಯುವಂತೆ ಮಾಡಿಕೊಂಡವರೂ ಅವರೇ. ಸಮಿತಿಯ ದೊಡ್ಡವರು ಅದನ್ನೆಲ್ಲ ಬರೆಯಬೇಡ, ಎರಡು ಪುಟ ಒಳ್ಳೆಯ ಮಾತು ಬರೆದು ಕೊಡು ಎಂದರು. ಮೇಷ್ಟ್ರನ್ನೇ ಕೇಳೋಣವೆಂದು ಹೋದೆ. “ಲೋ ರಾಮಾಂಜಿ, ಹೊಗಳೋದಾದ್ರೆ ನೀನು ಬರೀಲೇಬೇಡ,” ಎಂದರು. “ಕದಿರಮ್ಮನ ವಿಷ್ಯ ಬರೀತೀಯಾ, ಬರಿ. ಇಲ್ಲಾಂದ್ರೆ ಆ ಹಾರ ತಗೊಂಡ್ಹೋಗಿ ಬೇರೆ ಯಾರಿಗಾದ್ರೂ ಹಾಕ್ಬಿಡಿ.” ಆದ್ದರಿಂದ ಸಮಿತಿಯವರು ಮುನಿದುಕೊಂಡರೂ ಸರಿ, ನಾನು ಅದನ್ನೇ ಬರೆಯುತ್ತೇನೆ.

ನಾನು ಅವರ ಶಿಷ್ಯ. ೧೯೪೦ರಿಂದ ಅವರ ಕೈಕೆಳಗೆ ಟಪಾಲು ಹೊರುವ ಕೆಲಸದವನು. ಎಂಟು ಹಳ್ಳಿಗೆ ನಮ್ಮದೊಂದೇ ಅಂಚೆ ಕಚೇರಿ. ಓದು ಬಾರದವರು ಕಾಗದ ಹಿಡಿದು ಬಂದರೆ ಮೇಷ್ಟ್ರು ಅವರನ್ನು ಶಾಲೆಯ ಹಿಂದಿನ ಹೊಂಗೆಮರದಡಿಗೆ ಕರೆದೊಯ್ದು, ನನಗೂ ಕೇಳಿಸದಷ್ಟು ಮೆಲ್ಲಗೆ ಓದಿ ಹೇಳುತ್ತಿದ್ದರು. ಸಾವಿನ ಸುದ್ದಿಯಿದ್ದರೆ ಮೊದಲು “ಊಟ ಆಯ್ತೇನಮ್ಮಾ?” ಎಂದು ಕೇಳಿ, ಆಗಿಲ್ಲವೆಂದರೆ ಮನೆಯೊಳಗೆ ಕಳಿಸಿ ಒಂದು ಮುದ್ದೆ ಹಾಕಿಸಿದ ಮೇಲೆಯೇ ಕಾಗದ ಬಿಚ್ಚುತ್ತಿದ್ದರು. ಮೊದಲ ಮಳೆಗಾಲದಲ್ಲಿ ನನಗೆ ಚಳಿಜ್ವರ ಹತ್ತಿದಾಗ ಹನ್ನೊಂದು ದಿನ ಶಾಲೆ ಮುಗಿಸಿ ನನ್ನ ಚೀಲವನ್ನು ತಾವೇ ಹೊತ್ತು ಎಂಟು ಹಳ್ಳಿ ಸುತ್ತಿದರು. ನನ್ನ ಸಂಬಳ ಕಡಿತವಾಗದಿರಲೆಂದು ಯಾರಿಗೂ ಹೇಳಲಿಲ್ಲ.

೧೯೪೧ರವರೆಗೆ ಆಯಾ ಊರಿನ ಕಾಗದಗಳನ್ನು ಊರಿನ ಅಂಗಡಿಯಲ್ಲಿ ಇಟ್ಟು ಬರುವುದು ನಮ್ಮಲ್ಲಿ ರೂಢಿಯಾಗಿತ್ತು. ಆ ವರ್ಷ ಅಮ್ಮಯಮ್ಮನೆಂಬ ಮುದುಕಿಯ ಕಾಗದಗಳನ್ನು ಅಂಗಡಿಯಿಂದ ಯಾರೋ ಎತ್ತಿಕೊಂಡು ಹೋಗಿ ಓದಿ, ಬೆಂಗಳೂರಿನಲ್ಲಿದ್ದ ಅವಳ ಮಗನ ಹೆಸರು, ಕೆಲಸ, ಮನಿಆರ್ಡರು ಬರುವ ದಿನ ಎಲ್ಲವನ್ನೂ ತಿಳಿದುಕೊಂಡರು. ಒಬ್ಬ ಗಂಡಸು ಬೇರೊಬ್ಬ ಮುದುಕಿಯನ್ನು ಕರೆತಂದು, ‘ಇವಳೇ ಅಮ್ಮಯಮ್ಮ, ನಮ್ಮ ದೊಡ್ಡಮ್ಮ, ಕಿವಿ ಕೇಳಿಸಲ್ಲ’ ಎಂದು ತಾನೇ ಎಲ್ಲ ಮಾತನ್ನೂ ಆಡಿ, ಹೆಬ್ಬೆಟ್ಟು ಒತ್ತಿಸಿ, ಹಣ ತೆಗೆದುಕೊಂಡು ಹೋದ. ಆ ನಷ್ಟವನ್ನು ಮೇಷ್ಟ್ರು ತಮ್ಮ ಸಂಬಳದಿಂದ ತುಂಬಿಕೊಟ್ಟರು. ಮರುದಿನದಿಂದಲೇ ಎರಡು ಕಟ್ಟಪ್ಪಣೆಗಳಾದವು: ಅಂಗಡಿಯಲ್ಲಿ ಕಾಗದ ಇಡಕೂಡದು, ರಿಜಿಸ್ಟರು, ಮನಿಆರ್ಡರು ಬಂದರೆ ಯಾರು ಜೊತೆಗೆ ಬಂದರೂ ಸರಿಯೇ, ಯಾರ ಹೆಸರಿಗೆ ಬಂದಿದೆಯೋ ಅವರು ತಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಮೂರನ್ನೂ ತಮ್ಮ ಬಾಯಿಂದಲೇ ಹೇಳಬೇಕು. ಬಹಳ ಒಳ್ಳೆಯ ನಿಯಮವೆಂದು ನಾವಿಬ್ಬರೂ ಬೀಗಿದೆವು. ಅದನ್ನು ಮಾಡಿದವರೂ, ಒಪ್ಪಿ ತಲೆಯಾಡಿಸಿದವನೂ ಗಂಡಸರೆಂಬುದು ನಮಗೆ ಹೊಳೆಯಲಿಲ್ಲ.

ಮರುವರ್ಷ ಸೀಗೇಪಾಳ್ಯದ ಕದಿರಮ್ಮನ ಹೆಸರಿಗೆ ದಂಡಿನ ಕಚೇರಿಯಿಂದ ಒಂದು ರಿಜಿಸ್ಟರು ಲಕೋಟೆ ಬಂತು. ಅವಳ ಗಂಡ ಮುನಿವೆಂಕಟಪ್ಪ ಸೈನ್ಯ ಸೇರಿ ಮಲಯಕ್ಕೆ ಹೋಗಿದ್ದ. ಅಲ್ಲಿಯವರೆಗೆ ಅವನ ಮನಿಆರ್ಡರುಗಳು ಅಣ್ಣ ಜವರಪ್ಪನ ಹೆಸರಿಗೆ ಬರುತ್ತಿದ್ದುದರಿಂದ ಕದಿರಮ್ಮ ನಮ್ಮ ಜಗಲಿ ಹತ್ತಿದವಳೇ ಅಲ್ಲ; ಆ ಮನೆಯ ಹೆಂಗಸರ ಮುಖವೇ ನಮಗೆ ಗೊತ್ತಿರಲಿಲ್ಲ. ರಿಜಿಸ್ಟರು ಬಂದಿದೆಯೆಂದು ಸೀಗೇಪಾಳ್ಯದ ಬಾವಿಯ ಹತ್ತಿರ ಕೂಗಿ ಹೇಳಿ ಬಂದವನು ನಾನೇ. ಅವಳು ಒಬ್ಬಳೇ ಬಂದಳು. ಇಪ್ಪತ್ತು ವರ್ಷವೂ ಇರಲಾರದು. ತನ್ನ ಹೆಸರು ಹೇಳಿದಳು, ಊರು ಹೇಳಿದಳು. ಗಂಡನ ಹೆಸರು ಕೇಳಿದರೆ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಿಂತಳು.

“ಹೇಳಮ್ಮ,” ಎಂದರು ಮೇಷ್ಟ್ರು.

“ಬೆಟ್ಟದ ಮೇಲಿನ ಸ್ವಾಮಿ ಹೆಸ್ರು, ಬುದ್ಧಿ.”

“ಆ ಸ್ವಾಮಿ ಹೆಸರಿನೋರು ಈ ಹೋಬಳೀಲಿ ಮನೆಗೆ ಇಬ್ಬರು ಅವ್ರೆ. ಬಾಯಿಬಿಟ್ಟು ಹೇಳ್ಬೇಕು.”

ಅವಳು ಹೇಳಲಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ತಂದರೆ ಅವನ ಆಯುಸ್ಸು ಸವೆಯುತ್ತದೆಂದು ಹಾಲು ಕುಡಿಯುವಾಗಿನಿಂದ ಕೇಳಿಕೊಂಡು ಬೆಳೆದವಳು, ಗಂಡ ಯುದ್ಧದ ಬಾಯಲ್ಲಿರುವಾಗ ಹೇಳುತ್ತಾಳೆಯೆ? ಮೇಷ್ಟ್ರು ಹೋಗಿ ಬಾ ಎಂದು ಕಳಿಸಿಬಿಟ್ಟರು.

ಮಾರನೆಯ ದಿನ ಜವರಪ್ಪ ಒಬ್ಬ ಹೆಂಗಸಿನೊಡನೆ ಬಂದು, “ನನ್ನ ತಮ್ಮನ ಹೆಂಡ್ತಿ ಮೇಷ್ಟ್ರೇ, ರಿಜಿಸ್ಟ್ರಿಗೆ ಬಂದವ್ಳೆ,” ಎಂದ. ಮೇಷ್ಟ್ರು ಮೂರು ಪ್ರಶ್ನೆ ಕೇಳಿದರು. “ನನ್ನ ಹೆಸ್ರು ಕದಿರಮ್ಮ. ಗಂಡನ ಹೆಸ್ರು ಮುನಿವೆಂಕಟಪ್ಪ. ಸೀಗೇಪಾಳ್ಯ,” ಎಂದು ಅವಳು ಗಿಳಿಯ ಹಾಗೆ ಒಪ್ಪಿಸಿದಳು. ಮೇಷ್ಟ್ರಿಗೆ ಸಂತೋಷವಾಯಿತು. “ನೋಡು, ಹೀಗೆ ಹೇಳ್ಬೇಕು. ನಿನ್ನೆ ಯಾವಳೋ ಕಳ್ಳಿ ಬಂದಿದ್ಲು, ಗಂಡನ ಹೆಸ್ರೇ ಗೊತ್ತಿಲ್ಲ ಅವಳಿಗೆ,” ಎಂದರು. ಅವಳು ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಸಾಕ್ಷಿ ರುಜು ಹಾಕಿದವನು ಈ ಲೇಖನ ಬರೆಯುತ್ತಿರುವ ಪುಣ್ಯಾತ್ಮ.

ಅವಳು ಜವರಪ್ಪನ ಸ್ವಂತ ಹೆಂಡತಿ ಮಾರಕ್ಕ. ಮುನಿವೆಂಕಟಪ್ಪ ಅವಳಿಗೆ ಮೈದುನ. ದಿನಕ್ಕೆ ಹತ್ತು ಸಲ ಕೂಗಿ ಕರೆದ ಹೆಸರು, ಸಲೀಸಾಗಿ ಬಂತು. ಬಾವನ ಪಕ್ಕದಲ್ಲಿ ತಲೆಯೆತ್ತಿ ನಿಂತು ಗಂಡನ ಹೆಸರನ್ನು ಪಟಪಟನೆ ಹೇಳುವ ಹೆಂಗಸನ್ನು ನಾವಿಬ್ಬರೂ ಹುಟ್ಟಿದಾಗಿನಿಂದ ಎಲ್ಲಿ ಕಂಡಿದ್ದೆವು? ಕಣ್ಣಿದ್ದೂ ಕುರುಡರಾದೆವು. ಹಿಂದಿನ ಸಂಜೆ ಕದಿರಮ್ಮ ಮನೆಗೆ ಹೋಗಿ, “ಅಕ್ಕಾ, ನಂಗೆ ಹೇಳಕ್ಕಾಗಾಕಿಲ್ಲ, ನಾಳೆ ನೀನೇ ಬಂದು ಹೆಸ್ರು ಹೇಳಕ್ಕಾ,” ಎಂದು ಬೇಡಿಕೊಂಡಿದ್ದಳಂತೆ. ಅಕ್ಕ ಬಂದು ಹೇಳಿಯೇ ಹೇಳಿದಳು.

ಮೂರನೆಯ ದಿನ ಕದಿರಮ್ಮ ಮತ್ತೆ ಬಂದಳು. ಮೇಷ್ಟ್ರು ಪಾಠ ನಿಲ್ಲಿಸಿ, ಇಡೀ ತರಗತಿಯ ಮುಂದೆ, “ಕದಿರಮ್ಮ ನಿನ್ನೆ ತನ್ನ ಬಾವನ ಜೊತೇಲಿ ಬಂದು ಲಕೋಟೆ ತಗೊಂಡ್ಹೋದ್ಲು. ನೀನ್ಯಾರಮ್ಮ? ಪೋಲೀಸ್ನೋರ್ನ ಕರೆಸ್ಲಾ?” ಎಂದು ಗದರಿದರು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಅವಳು ಬಂದ ದಾರಿಯಲ್ಲೇ ತಿರುಗಿ ಹೋದಳು. ಮನೆಗೆ ಹೋಗಿ ಕೇಳಿದ್ದಕ್ಕೆ, ‘ನಿನ್ನ ಗಂಡ ಅಲ್ಲೇ ಒಬ್ಬಳನ್ನ ಕಟ್ಕೊಂಡವ್ನೆ, ನೀನು ಬೇಡ ಅಂತ ಬರ್ದವ್ನೆ’ ಎಂದು ಹೇಳಿ ಜವರಪ್ಪ ಅವಳನ್ನು ಹೊರಗೆ ಹಾಕಿದ. ಅವಳು ಕುಂದಾಣದ ಹತ್ತಿರದ ತವರಿಗೆ ಹೋದಳು. ನಿಜವಾಗಿ ಆ ಲಕೋಟೆಯಲ್ಲಿದ್ದುದು, ಸಿಂಗಪುರ ಬಿದ್ದ ಮೇಲೆ ಮುನಿವೆಂಕಟಪ್ಪನ ಪತ್ತೆಯಿಲ್ಲ ಎಂಬ ಸುದ್ದಿ. ಇನ್ನು ಮುಂದಿನ ನೆರವಿಗೆ ಹೆಂಡತಿಯೇ ತನ್ನ ಹೆಬ್ಬೆಟ್ಟಿನಿಂದ ಅರ್ಜಿ ಸಲ್ಲಿಸಬೇಕೆಂಬ ನಮೂನೆ. ಅದಕ್ಕೂ ಮಾರಕ್ಕನೇ ಬೆರಳೊತ್ತಿದಳು. ಎರಡು ವರ್ಷ ತಿಂಗಳು ತಿಂಗಳೂ ಆ ಹಣವನ್ನು ಮೇಷ್ಟ್ರು ‘ಬಾಮ್ಮ ಕದಿರಮ್ಮ’ ಎಂದು ಕರೆದು ಕರೆದು ಮಾರಕ್ಕನ ಕೈಗಿಟ್ಟರು. ಅತ್ತ ಗಂಡ ಬದುಕಿದ್ದಾನೋ ಇಲ್ಲವೋ ಎಂಬ ಸಂಶಯವೂ ಇಲ್ಲದೆ, ತನ್ನನ್ನು ಬಿಟ್ಟನೆಂದು ನಂಬಿ ಕದಿರಮ್ಮ ಕೂಲಿ ಮಾಡಿಕೊಂಡಿದ್ದಳು.

೧೯೪೪ರ ಒಂದು ಭಾನುವಾರ. ಮೇಷ್ಟ್ರು ಜಗಲಿಯಲ್ಲಿ ಕ್ಷೌರಕ್ಕೆ ಕುಳಿತಿದ್ದರಂತೆ. ಸೀಮೆಎಣ್ಣೆಯ ಪಡಿತರ ಚೀಟಿಗೆ ಮನೆ ಲೆಕ್ಕ ಬರೆಯುವ ಗುಮಾಸ್ತ ಹಿತ್ತಿಲ ಬಾಗಿಲಿಗೆ ಬಂದು, ಅವರ ಪತ್ನಿ ಶ್ರೀಮತಿ ಮುನಿಲಕ್ಷ್ಮಮ್ಮನವರನ್ನು “ಯಜಮಾನರ ಹೆಸ್ರೇನಮ್ಮಾ?” ಎಂದು ಕೇಳಿದ. “ಅಲ್ಲೇ ಮುಂದ್ಗಡೆ ಕೂತವ್ರಲ್ಲಪ್ಪ, ಅವರನ್ನೇ ಕೇಳು,” ಎಂದರು ಆ ತಾಯಿ. “ನೀವೇ ಹೇಳಿ.” “ನೀನು ಚೀಟಿ ಕೊಡದಿದ್ರೂ ಪರ್ವಾಗಿಲ್ಲ, ಹೋಗಪ್ಪ.” ಇದು ಮೇಷ್ಟ್ರ ಕಿವಿಗೆ ಬಿತ್ತು. ಅರ್ಧ ಗಡ್ಡ ಹಾಗೆಯೇ ಇಟ್ಟುಕೊಂಡು, ಮುಖದ ಮೇಲಿನ ನೀರು ಒರಸದೆ, ಅವರು ನಮ್ಮ ಮನೆಗೆ ಓಡಿ ಬಂದರು. “ಲೋ ರಾಮಾಂಜೀ, ಕೆಟ್ವಲ್ಲೋ! ಆ ಹೆಂಗ್ಸು ಹೆಸ್ರು ಹೇಳಿದ್ಲು ಕಣೋ! ಹೆಸ್ರು ಹೇಳಿದ್ಲು!” ಎಂದು ಹೊಸಲಿನ ಮೇಲೆ ಕುಸಿದು ಕುಳಿತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅಂದು.

ಆ ದಿನವೇ ಸೀಗೇಪಾಳ್ಯಕ್ಕೆ ನಡೆದುಹೋಗಿ ವಿಚಾರಿಸಿ ನಿಜ ತಿಳಿದುಕೊಂಡರು. ಮಾರನೆಯ ದಿನ ತಮ್ಮ ತಪ್ಪನ್ನು ಒಂದಕ್ಷರ ಬಿಡದೆ ಮೇಲಧಿಕಾರಿಗಳಿಗೆ ಬರೆದರು. ನನ್ನ ಹೆಸರನ್ನು ಮಾತ್ರ ಬರೆಯಲಿಲ್ಲ. ಅಂಚೆಯ ಕೆಲಸ ಹೋಯಿತು. ಶಾಲೆಯ ಕೆಲಸ ಉಳಿದದ್ದೇ ಹೆಚ್ಚು. ಕುಂದಾಣದ ಕಡೆಗೆ ಹೋಗಿ ಕದಿರಮ್ಮನ ಮುಂದೆ ಕೈಮುಗಿದು ನಿಂತಾಗ ಅವಳು ಅವರ ತಪ್ಪಿನ ಮಾತೇ ಎತ್ತಲಿಲ್ಲ. “ಹಂಗಾದ್ರೆ ಅವರು ನನ್ನ ಬಿಟ್ಟಿಲ್ವಾ ಮೇಷ್ಟ್ರೇ?” ಎಂದಷ್ಟೇ ಕೇಳಿದಳು.

ಮರುವರ್ಷದ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆಯಾಯಿತು. ಜವರಪ್ಪನ ಭಯಕ್ಕೆ ಸೀಗೇಪಾಳ್ಯದ ಒಬ್ಬನೂ ಸಾಕ್ಷಿಗೆ ಬರಲಿಲ್ಲ. ಮಾರಕ್ಕ ಅಲ್ಲಿಯೂ ಹೆಸರನ್ನು ಪಟಪಟನೆ ಹೇಳಿದಳು. ಕದಿರಮ್ಮನ ಸರದಿ ಬಂದಾಗ ಮೇಷ್ಟ್ರು ಎದ್ದು, “ಸ್ವಾಮಿ, ಹೇಳದೆ ಇರೋಳೇ ಹೆಂಡತಿ,” ಎಂದು ಕೈಮುಗಿದರು. ಅಮಲ್ದಾರರು ದೂರದ ಸೀಮೆಯಿಂದ ವರ್ಗವಾಗಿ ಬಂದವರು. “ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡಿಯೇ ಈ ಮೋಸ ನಡೆದದ್ದಲ್ಲವೇ? ಆಕೆಯೇ ತನ್ನ ಬಾಯಿಂದ ಹೇಳಲಿ,” ಎಂದರು. ಮೇಷ್ಟ್ರ ನಿಯಮವೇ ಮೇಷ್ಟ್ರ ಮುಖಕ್ಕೆ ಬಂದು ಬಡಿಯಿತು.

ಕದಿರಮ್ಮ ಅಮಲ್ದಾರರ ಕಡೆ ನೋಡಲೇ ಇಲ್ಲ. “ಮೇಷ್ಟ್ರೇ, ಅವರು ಇಲ್ಲ ಅಂತ ಯಾರಾದ್ರೂ ಕಣ್ಣಾರೆ ನೋಡವ್ರಾ?” ಎಂದು ಕೇಳಿದಳು.

ಅಲ್ಲಿ ‘ನೋಡವ್ರೆ’ ಎಂದು ಒಂದು ಸುಳ್ಳು ಹೇಳಿದ್ದರೆ ಅವಳ ಹಕ್ಕು ಅವಳಿಗೆ ಬರುತ್ತಿತ್ತು. ಮೇಷ್ಟ್ರು, “ಇಲ್ಲಮ್ಮ. ಯಾರೂ ನೋಡಿಲ್ಲ,” ಎಂದರು.

“ಹಂಗಾದ್ರೆ ನಾನು ಹೇಳಾಕಿಲ್ಲ. ಅವಳೇ ಹೆಂಡ್ತಿ ಅಂತ ಬರ್ಕೊಂಡ್ರೂ ಬರ್ಕೊಳ್ಳಿ.”

ವಿಚಾರಣೆ ಅಲ್ಲಿಗೆ ನಿಂತಿತು. ಇಬ್ಬರಲ್ಲಿ ಯಾರಿಗೂ ಹಣ ಕೊಡಕೂಡದೆಂದು ಆಜ್ಞೆಯಾಯಿತು.

ಅಂದಿನಿಂದ ಮೇಷ್ಟ್ರ ಭಾನುವಾರಗಳು ಎಂಟು ಹಳ್ಳಿಗಳ ಪಾಲಾದವು. ಸಂಬಳವಿಲ್ಲ, ಮೊಹರಿಲ್ಲ, ಬಾವಿಕಟ್ಟೆಗಳಲ್ಲಿ ನಿಂತು ಹೆಂಗಸರಿಗೆ ಹೇಳುತ್ತಿದ್ದರು: “ಬೆರಳು ನಿಂದು ಕಣಮ್ಮ. ಕಾಗದಾನ ಇಬ್ಬರ ಹತ್ರ ಬೇರೆಬೇರೆಯಾಗಿ ಓದಿಸ್ದೆ ಒತ್ಬೇಡ. ದಂಡಿನ ಲಕೋಟೆ ಮೇಲಿರೋ ನಂಬರು ಯಾರಿಗೂ ತೋರಿಸ್ಬೇಡ. ಪಕ್ಕದ ಮನೆಯೋಳು ತವರಿಗೆ ಹೋಗಿದ್ರೆ ಅವಳ ಕಾಗದ ಇಸ್ಕೋಬೇಡ, ಎಲ್ಲಿಗೆ ಹೋದ್ಲು ಅಂತ ಟಪಾಲಿನೋನಿಗೆ ಹೇಳು.” ಹೊಸದಾಗಿ ಅಂಚೆ ವಹಿಸಿಕೊಂಡವರನ್ನೂ ಒಪ್ಪಿಸಿ, ಹೆಂಗಸರ ಗುರುತಿಗೆ ಗಂಡನ ಹೆಸರು ಕೇಳುವುದನ್ನು ಬಿಡಿಸಿದರು. ಈಗ ನಾನೇ ಕಾಗದ ಬಂದವಳ ಕೇರಿಗೆ ಹೋಗಿ ನೆರೆಯ ಮೂವರು ಹೆಂಗಸರನ್ನು ಕೇಳುತ್ತೇನೆ. ಆಮೇಲೆ ನಮ್ಮಲ್ಲಿ ಒಂದು ಲಕೋಟೆಯೂ ತಪ್ಪಿ ಹೋಗಿಲ್ಲ. ಹಾಗೆಂದು ಬೀಗಿದರೆ ಮೇಷ್ಟ್ರಿಗೆ ಸಿಟ್ಟು ಬರುತ್ತದೆ.

೧೯೪೬ರ ಆಷಾಢದಲ್ಲಿ ಕದಿರಮ್ಮನ ಹೆಸರಿಗೆ ಇನ್ನೊಂದು ಲಕೋಟೆ ಬಂತು. ಈ ಸಲ ಅದನ್ನು ಹಿಡಿದು ನಾನೂ ಮೇಷ್ಟ್ರೂ ಅವಳ ತವರಿಗೇ ನಡೆದೆವು. ಅವಳು ರಾಗಿ ಬೀಸುತ್ತಿದ್ದವಳು ಎದ್ದು ಬಂದು ಕುಳಿತಳು. ಮೇಷ್ಟ್ರು ಓದಿ ಹೇಳಿದರು: ಸೆರೆಯಲ್ಲಿ ಅವಳ ಗಂಡನ ಜೊತೆಗಿದ್ದ ಇಬ್ಬರು ಬಿಡುಗಡೆಯಾಗಿ ಬಂದು ಬರೆದುಕೊಟ್ಟಿದ್ದಾರೆ, ೧೯೪೩ರಲ್ಲೇ ಜ್ವರದಿಂದ ತೀರಿಕೊಂಡ, ಮಣ್ಣು ಮಾಡಿದವರು ಅವರೇ.

“ಕಣ್ಣಾರೆ ನೋಡವ್ರಾ?”

“ನೋಡವ್ರಮ್ಮ.”

ಅವಳು ಕೈಗಂಟಿದ್ದ ಹಿಟ್ಟನ್ನು ಸೆರಗಿಗೆ ಒರಸಿಕೊಂಡು, “ಕಾಗದ ತಂದಿದ್ದೀರಾ? ಬರ್ಕೊಳ್ಳಿ,” ಎಂದಳು. “ಮುನಿವೆಂಕಟಪ್ಪ.” ಮೊದಲ ಸಲ ಅದು ನಮಗಷ್ಟೇ ಕೇಳಿಸಿತು. ಎರಡನೆಯ ಸಲ ಒಳಗಿದ್ದ ಅವಳ ತಾಯಿಗೂ ಕೇಳಿಸುವಂತೆ ಹೇಳಿದಳು: “ಮುನಿವೆಂಕಟಪ್ಪ. ನಾನು ಮುನಿವೆಂಕಟಪ್ಪನ ಹೆಂಡ್ತಿ.” ಮೇಷ್ಟ್ರಿಗೆ ಬರೆಯಲಾಗಲಿಲ್ಲ; ಲೇಖನಿಯನ್ನು ನನ್ನ ಕೈಗೆ ಕೊಟ್ಟರು. ಆ ಹೇಳಿಕೆಯಿಂದ ಅವಳ ಹಕ್ಕು ಅವಳಿಗೆ ಬಂತು, ಜವರಪ್ಪ ಜೈಲಿಗೆ ಹೋದ.

ಇಂಥವರನ್ನು ನಾವು ಇಂದು ಗೌರವಿಸುತ್ತಿದ್ದೇವೆ. ತಪ್ಪೇ ಮಾಡದವರನ್ನು ಗೌರವಿಸುವುದು ಸುಲಭ. ನಾನಾದರೋ ತಮ್ಮ ತಪ್ಪಿನ ಹಿಂದೆ ಹೆಗಲು ಬಾಗುವವರೆಗೆ ನಡೆದವರೊಬ್ಬರ ಶಿಷ್ಯ. ಅವರ ಭಾನುವಾರದ ನಡಿಗೆ ಇನ್ನೂ ಬಹುಕಾಲ ಸಾಗಲಿ. ಅವರಿಗೆ ದೀರ್ಘಾಯುಸ್ಸನ್ನು ಕೋರಬೇಕಾದ ಈ ಜಾಗದಲ್ಲಿ ನನಗೆ ಬೇರೆ ಮಾತು ತೋಚುವುದಿಲ್ಲ: ಮುನಿಲಕ್ಷ್ಮಮ್ಮನವರ ಬಾಯಲ್ಲಿ ನಮ್ಮ ಮೇಷ್ಟ್ರ ಹೆಸರನ್ನು ಈ ಊರು ಎಂದೆಂದಿಗೂ ಕೇಳದಿರಲಿ.