ಪೆಟ್ಟು ಬಿದ್ದ ತರಕಾರಿಯ ಅರ್ಧದಕ್ಕ

ಬೆಳಕು ಇನ್ನೂ ಹರಿದಿಲ್ಲ. ಸಗಟು ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ, ಮುಚ್ಚಿದ ಗೋದಾಮೊಂದರ ಮೆಟ್ಟಿಲ ಕೆಳಗೆ ಕೂತು, ಹೆಂಗಸೊಬ್ಬರು ಟೊಮೆಟೊವೊಂದನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದಾರೆ. ಒಂದು ಪಕ್ಕ ಜಜ್ಜಿದೆ. ಚಾಕು ಆ ಗಾಯದ ಸುತ್ತ ಒಮ್ಮೆ ಹೋಗಿ ಬರುತ್ತದೆ. ಕೆಟ್ಟದ್ದು ಎಡಗಡೆಯ ಡಬ್ಬಕ್ಕೆ, ಉಳಿದದ್ದು ಬಲಗಡೆಯ ಒದ್ದೆ ಗೋಣಿಯ ಮೇಲೆ. ಮತ್ತೆ ಇನ್ನೊಂದು. ಮುಂಭಾಗದ ಬೀದಿಯಲ್ಲಿ ಲಾರಿಗಳ ಗದ್ದಲ, ಹರಾಜಿನ ಕೂಗು, ಮೂಟೆ ಹೊರುವವರ ಬೈಗುಳ ಎಲ್ಲ ಇದೆ. ಈ ಓಣಿಯಲ್ಲಿ ಚಾಕುವಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಗಿರಾಕಿಗಳು ಬರುತ್ತಾರೆ, ಮಾತಾಡುವುದಿಲ್ಲ. ಇಸ್ತ್ರಿ ಮಾಡಿದ ಅಂಗಿಯವರು, ಒಳ್ಳೆಯ ಗಡಿಯಾರ ಕಟ್ಟಿದವರು, ಬಿಸಿಲಿಲ್ಲದ ಹೊತ್ತಿನಲ್ಲೂ ತಲೆಯ ಮೇಲೆ ಸೆರಗು ಎಳೆದುಕೊಂಡವರು. ಬೆರಳು ತೋರಿಸುತ್ತಾರೆ, ತೂಗಿಸಿಕೊಳ್ಳುತ್ತಾರೆ, ದುಡ್ಡು ಕೊಟ್ಟು ಸರಸರನೆ ಹೊರಡುತ್ತಾರೆ. ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆಸ್ಪತ್ರೆಯ ಹೊರಗೆ ಕಾಯುವವರ ನಡುವೆ ಇರುವಂಥ ಮೌನ ಇದು.

ಮಾರುಕಟ್ಟೆಯ ಮಂದಿ ಈ ಹೆಂಗಸನ್ನು ಕರೆಯುವುದು ‘ಅರ್ಧದಕ್ಕ’ ಎಂದು. ಅರ್ಧ ಎಲೆಕೋಸು, ಮುಕ್ಕಾಲು ಸೇಬು, ಕಾಲು ಕುಂಬಳ ಮಾರುವವರನ್ನು ಇನ್ನೇನೆಂದು ಕರೆಯುವುದು? ಲಾರಿಯಿಂದ ಇಳಿಸುವಾಗ ಪೆಟ್ಟು ತಿಂದ, ಕ್ರೇಟಿನ ತಳದಲ್ಲಿ ಅದುಮಿಹೋದ, ಹರಾಜಿನಲ್ಲಿ ಯಾರೂ ಕೂಗದ ಮಾಲನ್ನು ಅವರು ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕ್ರೇಟು. ಅದರಲ್ಲಿ ಮೂರು ಕ್ರೇಟಿನಷ್ಟಾದರೂ ಕತ್ತರಿಸಿ ಎಸೆಯಬೇಕು. ಮಿಕ್ಕದ್ದು ಅಂಗಡಿ ಬೆಲೆಯ ಮೂರನೇ ಒಂದು ಪಾಲಿಗೆ ಐವತ್ತು ಅರವತ್ತು ಮನೆಗಳ ಒಲೆ ಸೇರುತ್ತದೆ.

“ಪೆಟ್ಟು ಬಿದ್ದಿದ್ದು ಬೇರೆ, ಕೊಳೆತಿದ್ದು ಬೇರೆ,” ಎನ್ನುತ್ತಾರೆ. “ಬೂಸ್ಟು ಹಿಡಿದಿದ್ದನ್ನ ನಾನು ಮುಟ್ಟೋದಿಲ್ಲ. ಪೆಟ್ಟು ಬಿದ್ದಿದ್ದಕ್ಕೇನಾಗಿದೆ ಹೇಳಿ? ನನಗೂ ಬಿದ್ದಿದೆ. ನಾನು ಓಡಾಡ್ಕೊಂಡಿಲ್ವಾ?”

ಅವರ ಗಂಡ ಇದೇ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು. ಜ್ವರ ಬಂದು ತೀರಿಕೊಂಡಾಗ ಒಬ್ಬಳೇ ಮಗಳಿಗೆ ಇನ್ನೂ ಹಾಲುಹಲ್ಲು. ಗಂಡನ ಜೊತೆಗಾರರು ಕೊಡುತ್ತಿದ್ದ ಜಜ್ಜಿದ ತರಕಾರಿಯನ್ನು ಈ ಮೆಟ್ಟಿಲ ಕೆಳಗೆ ಕೂತು ಹಸನು ಮಾಡಿ ಮನೆಗೆ ಒಯ್ಯುತ್ತಿದ್ದರು. ಒಂದು ಬೆಳಗ್ಗೆ ಕನ್ನಡಕದ ಗಂಡಸೊಬ್ಬರು ಬಂದು, ಎದುರಿನ ಗೋಡೆಯನ್ನೇ ನೋಡುತ್ತ, “ಇದನ್ನ ಮಾರ್ತೀರಾ?” ಎಂದು ಕೇಳಿದರು.

“ಗೋಡೇನ ಕೇಳಿದ್ರೋ ನನ್ನ ಕೇಳಿದ್ರೋ ಗೊತ್ತಾಗ್ಲಿಲ್ಲ. ಗೋಡೆ ಉತ್ತರ ಕೊಡಲ್ಲ ಅಂತ ನಾನೇ ಕೊಟ್ಟೆ.”

ವ್ಯಾಪಾರ ಶುರುವಾದದ್ದು ಹಾಗೆ. ಕೆಲವು ದಿನಗಳ ನಂತರ ಅದೇ ಗಂಡಸು ಬಸ್ ನಿಲ್ದಾಣದಲ್ಲಿ ಹೆಂಡತಿಯ ಜೊತೆ ಕಂಡರು. ಇವರು ಪರಿಚಯದ ನಗೆ ನಕ್ಕರು. ಆತನ ಮುಖ ಸುಣ್ಣದಂತಾಯಿತು. ಆತ ಮತ್ತೆ ಓಣಿಯ ಕಡೆ ಬರಲಿಲ್ಲ. ಆವತ್ತಿನಿಂದ ಅರ್ಧದಕ್ಕ ಒಂದು ನಿಯಮ ಹಾಕಿಕೊಂಡಿದ್ದಾರೆ. ಓಣಿ ದಾಟಿದ ಮೇಲೆ ಯಾವ ಗಿರಾಕಿಯೂ ಅವರಿಗೆ ಗೊತ್ತಿಲ್ಲ. ಮದುವೆಮನೆಯಲ್ಲಿ ಪಕ್ಕದಲ್ಲೇ ಕೂತರೂ ಗೊತ್ತಿಲ್ಲ. ಇನ್ನೊಂದು ಪದ್ಧತಿಯೂ ಇದೆ. ಪ್ರತಿ ಚೀಲದ ಮೇಲೆ ಒಂದು ಇಡೀ ತರಕಾರಿ, ಕಲೆಯಿಲ್ಲದ್ದು, ತೂಕಕ್ಕೆ ಸೇರಿಸದೆ ಇಟ್ಟು ಕೊಡುತ್ತಾರೆ. “ಮೆಟ್ಟಿಲಲ್ಲಿ ಪಕ್ಕದ ಮನೆಯವರು ಸಿಗ್ತಾರೆ, ಚೀಲದೊಳಗೆ ಇಣುಕ್ತಾರೆ. ಮೊದಲು ಕಣ್ಣಿಗೆ ಬೀಳೋದು ನೆಟ್ಟಗಿರಲಿ ಅಂತ.”

ಅವರ ಬಾಯಲ್ಲಿ ಗಿರಾಕಿಗಳಿಗೆಂದು ಇರುವುದು ಮೂರೇ ಮಾತು. ಇವತ್ತೇ ಬೇಯಿಸಿ. ಉಪ್ಪುನೀರಲ್ಲಿಡಿ. ಸಿಪ್ಪೆ ಎಸೀಬೇಡಿ. ಇದಕ್ಕಿಂತ ಹೆಚ್ಚು ಕೇಳಲು ಯಾರೂ ನಿಲ್ಲುವುದಿಲ್ಲ. ಹೀಗೆ ಉಳಿಸಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ಅವರು ಯಾರನ್ನೂ ಕೇಳಿಲ್ಲ, ಆದರೆ ತಿಳಿದಿದ್ದಾರೆ. “ಇಲ್ಲಿ ಉಳಿದಿದ್ದನ್ನ ಯಾರೂ ಪೆಟ್ಟಿಗೇಲಿ ಇಡಲ್ಲ. ಅಪ್ಪನ ಮಾತ್ರೆಗೆ ಹೋಗತ್ತೆ, ಮಕ್ಕಳ ಫೀಸಿಗೆ ಹೋಗತ್ತೆ. ಹೊಟ್ಟೆಗೆ ಮೋಸ ಮಾಡ್ದೆ ಉಳಿಸ್ಬೇಕಲ್ಲ, ಅದಕ್ಕೆ ಇಲ್ಲಿಗೆ ಬರ್ತಾರೆ.”

ಹೊರಗೆ ಗಿರಾಕಿಯನ್ನು ಗುರುತಿಸಬಾರದೆಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಆ ನಿಯಮ ಈ ವರ್ಷ ಸ್ವಂತ ಮಗಳ ಮದುವೆಗೇ ಅಡ್ಡ ಬಂತು.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅದೇ ಅಂಗಡಿಯ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗನ ಮನೆಯವರು ಅಮ್ಮ-ಮಗಳನ್ನು ಊಟಕ್ಕೆ ಕರೆದರು. ಬಾಗಿಲು ತೆರೆದ ಹುಡುಗನ ತಾಯಿಯನ್ನು ಕಂಡು ಅರ್ಧದಕ್ಕನ ಕಾಲು ಹೊಸ್ತಿಲಲ್ಲೇ ನಿಂತಿತು. ನಾಲ್ಕು ವರ್ಷದಿಂದ ಓಣಿಗೆ ಬರುತ್ತಿದ್ದ ಗಿರಾಕಿ.

ಇಬ್ಬರೂ ಮೊದಲ ಸಲ ನೋಡಿದವರಂತೆ ಕೈಮುಗಿದರು. ಊಟ ಚೆನ್ನಾಗಿಯೇ ನಡೆಯುತ್ತಿತ್ತು. ತಟ್ಟೆಯಲ್ಲಿದ್ದ ಕುಂಬಳ ಅದೇ ದಿನ ಬೆಳಗ್ಗೆ ತಾವೇ ಗಾಯ ತೆಗೆದು ಕೊಟ್ಟದ್ದು ಎಂಬುದು ಅರ್ಧದಕ್ಕನಿಗೆ ಮೊದಲ ತುತ್ತಿಗೇ ಗೊತ್ತಾಯಿತು. ಅಷ್ಟರಲ್ಲಿ ಹುಡುಗನ ತಂದೆ ಹೆಂಡತಿಯ ಕಡೆ ನೋಡಿ ಹೆಮ್ಮೆಯಿಂದ, “ನಮ್ಮನೆಗೆ ಎರಡನೇ ದರ್ಜೆ ಮಾಲು ಬರೋದೇ ಇಲ್ಲ. ಇವಳು ಆರಿಸಿ ಆರಿಸಿ ತರ್ತಾಳೆ,” ಎಂದರು. ಹುಡುಗನ ತಂದೆಗೆ ತಾನು ತರಕಾರಿ ವ್ಯಾಪಾರದವಳು ಎಂದಷ್ಟೇ ಗೊತ್ತು, ಇಂಥ ಮಾತಿಗೆ ಸುಮ್ಮನಿದ್ದರೆ ಅನುಮಾನ ಬಂದೀತು ಎಂದುಕೊಂಡ ಅರ್ಧದಕ್ಕ ನಗುತ್ತ ಕೇಳಿದರು: “ಹೌದಾ? ಯಾವ ಅಂಗಡೀಲಿ ತಗೊಳ್ತೀರಿ?”

“ಹುಡುಗನ ಅಮ್ಮ ಸೌಟು ಹಿಡ್ಕೊಂಡು ಹಾಗೇ ನಿಂತ್ಬಿಟ್ರು. ನಾನು ಮುಚ್ಚೋಕೆ ಅಂತ ಹೋದೆ. ಅವರಿಗೆ ಚುಚ್ಚಿದ ಹಾಗಾಯ್ತು.”

ಮರುದಿನದಿಂದ ಆ ಗಿರಾಕಿ ಓಣಿಗೆ ಬರಲಿಲ್ಲ. ಮದುವೆಯ ಮಾತೂ ಮುಂದುವರಿಯಲಿಲ್ಲ. ವಾರ ಕಳೆದು ತಿಂಗಳಾಯಿತು. ಹುಡುಗನನ್ನು ಕೇಳಿದರೆ, “ಅಮ್ಮ ಏನೂ ಹೇಳ್ತಿಲ್ಲ,” ಎಂಬ ಒಂದೇ ಉತ್ತರ. ಮಗಳು ಸಿಟ್ಟನ್ನೆಲ್ಲ ಮನೆಯಲ್ಲಿ ತೀರಿಸಿಕೊಂಡಳು. “ನಿನ್ನ ಆ ಅರ್ಧ ಸೇಬುಗಳ ಸುದ್ದಿ ಯಾರೋ ಮುಟ್ಟಿಸಿರ್ತಾರೆ. ಕಸದಿಂದ ಹೆಕ್ಕಿ ಮಾರೋರ ಮನೆ ಹೆಣ್ಣನ್ನ ಯಾರು ತರ್ತಾರೆ?”

ಒಂದು ಮಾತು ಹೇಳಿದ್ದರೆ ಮಗಳ ಬಾಯಿ ಮುಚ್ಚುತ್ತಿತ್ತು. ಅರ್ಧದಕ್ಕ ಆ ಮಾತು ಹೇಳಲಿಲ್ಲ. ತಟ್ಟೆ ಸರಿಸಿ ಎದ್ದ ಮಗಳ ಹಿಂದೆ ಹೋಗಿ ನೀರಿನ ಲೋಟ ಇಟ್ಟು ಬಂದರು, ಅಷ್ಟೇ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವರು ಚಾಕುವನ್ನು ಗೋಣಿಗೆ ಒರೆಸುತ್ತ ಹೇಳುತ್ತಾರೆ: “ಹೇಳ್ಬಹುದಿತ್ತು. ಆಮೇಲೆ ಹೇಗೋ ಮದುವೆ ನಡೀತು ಅಂತಿಟ್ಕೊಳ್ಳಿ. ಅತ್ತೆ ಮನೇಲಿ ಒಂದು ಸಣ್ಣ ಜಗಳ ಆದ್ರೆ ಸಾಕು, ಇವಳ ನಾಲಿಗೆ ತುದೀಲಿ ಅದೇ ಬರೋದು. ಮಗಳನ್ನ ಕೊಡೋ ಮನೆಗೆ ನಾನೇ ಕತ್ತಿ ಕೊಟ್ಟು ಕಳಿಸ್ಲಾ?”

ಹುಡುಗನ ಮನೆಗೇ ಹೋಗಿ ಅವನ ತಾಯಿಗೆ ತಪ್ಪಾಯಿತು ಎನ್ನುವಂತೆಯೂ ಇರಲಿಲ್ಲ. ಅಲ್ಲಿ ಆಕೆಯ ಗಂಡ ಇರುತ್ತಾರೆ. ಹಾಗಾಗಿ ಅವರು ದಿನಾ ಬೆಳಗ್ಗೆ ಓಣಿಯ ತುದಿಯನ್ನು ನೋಡುತ್ತ ಕಾದರು.

ಕೊನೆಗೊಂದು ದಿನ ಆಕೆ ಬಂದರು. ಬೆಳಕು ಚೆನ್ನಾಗಿ ಹರಿದಿತ್ತು, ತಲೆಯ ಮೇಲೆ ಸೆರಗಿರಲಿಲ್ಲ. ಹಿಂದೆ ಎರಡು ಖಾಲಿ ಚೀಲ ಹಿಡಿದ ಗಂಡ.

ಮುಂದಿನದನ್ನು ಹುಡುಗನ ತಾಯಿಯೇ ಹೇಳುತ್ತಾರೆ. ಈಗ ಅವರು ಬೋರಲು ಹಾಕಿದ ಕ್ರೇಟಿನ ಮೇಲೆ, ಅರ್ಧದಕ್ಕನ ಪಕ್ಕದಲ್ಲಿ ಕೂತಿದ್ದಾರೆ. ನಾಲ್ಕು ವರ್ಷದ ಹಿಂದೆ ಗಂಡನ ಸಂಬಳ ಅರ್ಧಕ್ಕಿಳಿದಾಗ ಯಾರಿಗೂ ಹೇಳದೆ ಓಣಿಯ ದಾರಿ ಹಿಡಿದವರು ಅವರು. ಆ ಊಟದ ದಿನದಿಂದ ನಿದ್ದೆ ಇರಲಿಲ್ಲ. ಮಗ ಊಟ ಬಿಟ್ಟು ಕೂತಾಗ ಇನ್ನು ತಡೆಯಲಾರದೆ ಗಂಡನ ಮುಂದೆ ಎಲ್ಲ ಹೇಳಿಬಿಟ್ಟರು.

“ಇವರು ಏನಂದ್ರು ಗೊತ್ತಾ? ‘ನಾಲ್ಕು ವರ್ಷದಿಂದ ನಮ್ಮನೇಲಿ ಸೇಬು ಹೆಚ್ಕೊಂಡೇ ತಟ್ಟೆಗೆ ಬರ್ತಿದೆ. ಇಡೀ ಸೇಬು ಹೇಗಿರತ್ತೆ ಅಂತಾನೇ ಮರ್ತೋಗಿದೆ. ನನಗೇನು ಕಣ್ಣಿಲ್ವಾ?’ ಅಂದ್ರು. ಗೊತ್ತಿತ್ತಂತೆ! ನನಗೆ ಬೇಜಾರಾಗ್ಬಾರ್ದು ಅಂತ ಬಂದವರ ಮುಂದೆಲ್ಲಾ ಒಂದನೇ ದರ್ಜೆ, ಒಂದನೇ ದರ್ಜೆ ಅಂತ ಹೊಗಳ್ತಿದ್ರಂತೆ. ಇಬ್ರೂ ಒಂದೇ ಮನೇಲಿ ಕೂತು ನಾಟಕ ಆಡಿದೀವಿ. ಟಿಕೆಟ್ ಇಟ್ಟಿದ್ರೆ ನಾಲ್ಕು ಕಾಸಾದ್ರೂ ಆಗ್ತಿತ್ತು.”

ಅರ್ಧದಕ್ಕನಿಗೆ ನಗು ತಡೆಯುವುದಿಲ್ಲ. “ನಾನೊಬ್ಬಳು ಬಂದು ನಿಮ್ಮ ನಾಟಕ ಕೆಡಿಸಿದೆ ನೋಡಿ.”

“ಕೆಡಿಸಿದ್ದು ಒಳ್ಳೇದೇ ಆಯ್ತು ಬಿಡಿ. ನಿಮ್ಮ ಮಗಳಿಗೆ ನೀವು ಹೇಳೇ ಇರ್ಲಿಲ್ವಂತೆ. ನಾನು ಹೇಳಿದಾಗ ಅವಳು ಅತ್ತಿದ್ದು ನೋಡ್ಬೇಕಿತ್ತು.”

“ಮನೆಗೆ ಬಂದು ನನ್ನ ಮಡಿಲಲ್ಲೂ ಅತ್ಲು. ಸೀರೆ ಒದ್ದೆ ಮಾಡಿದ್ಲು.”

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ ಹುಡುಗನ ತಾಯಿ ತಕ್ಷಣ ಒಪ್ಪುತ್ತಾರೆ. ಅರ್ಧದಕ್ಕ ಸಾಲಿನಲ್ಲಿ ನಿಂತವರ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸುತ್ತಾರೆ. “ನಮ್ಮಿಬ್ರುದು ಬರೀರಿ. ಅವರ ಹೆಸರು, ಮನೆ, ಗುರುತು ಹಿಡಿಯೋ ಅಂಥದ್ದೇನೂ ಬೇಡ. ಅವರು ನಾಳೇನೂ ಬರ್ಬೇಕು.”

ಮದುವೆಗೆ ಇನ್ನು ಮೂರು ವಾರ. ಊಟದ ತರಕಾರಿಯ ಜವಾಬ್ದಾರಿ ಅರ್ಧದಕ್ಕನದು. ಮುಂಭಾಗದ ಬೀದಿಗೆ ಹೋಗಿ, ಹರಾಜಿನಲ್ಲಿ ನಿಂತು ಕೂಗಿ, ಮೊದಲ ದರ್ಜೆಯದನ್ನೇ ತರುತ್ತೇನೆ ಎಂದು ಅವರ ಹಟ. ಈಗ ಉಳಿತಾಯದಲ್ಲಿ ಪಳಗಿರುವ ಬೀಗಿತ್ತಿ ಒಪ್ಪುತ್ತಿಲ್ಲ.

“ಯಾಕೆ ಬೀಗಿತ್ತಿ, ದುಡ್ಡು ಹೆಚ್ಚಾಗಿದ್ಯಾ? ಇಡೀದು ತಂದ್ರೂ ಒಲೆ ಮೇಲಿಡೋಕೆ ಮುಂಚೆ ಹೆಚ್ಚಲೇಬೇಕು. ಹೆಚ್ಚಿದ ಮೇಲೆ ಯಾವುದು ಯಾವುದು ಅಂತ ಯಾರಿಗೆ ಗೊತ್ತಾಗತ್ತೆ?”

“ನನಗೆ ಗೊತ್ತಾಗತ್ತೆ,” ಎನ್ನುತ್ತಾರೆ ಅರ್ಧದಕ್ಕ. ಕೈಯಲ್ಲಿನ ಚಾಕು ನಿಲ್ಲುವುದಿಲ್ಲ. “ಉಳಿಸೋ ದಿನ ಮುಂದೆ ಬೇಕಾದಷ್ಟಿವೆ. ಆವತ್ತೊಂದು ದಿನ ನನ್ನ ಕ್ರೇಟಿನ ತಳದವರೆಗೂ ಯಾರು ಬೇಕಾದ್ರೂ ಕೈ ಹಾಕಿ ನೋಡ್ಲಿ.”