ಮೇಘಶ್ರೀಯನ್ನು ವಿಚಾರಿಸಲು ಬಂದವನು

ಅರಸೀಕೆರೆಯಲ್ಲಿ ಲೆಕ್ಕ ಬರೆಯುವವರೆಲ್ಲ ಆಡಿಟರೇ. ನಾನು ಆಡಿಟರ್ ಅಲ್ಲ, ತೆರಿಗೆ ಫಾರಂ ತುಂಬಿಕೊಡುವವನು ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಕೊಬ್ಬರಿ ಮಾರುಕಟ್ಟೆಯ ಎದುರಿನ ಮಹಡಿಯಲ್ಲಿರುವ ನನ್ನ ಆಫೀಸಿಗೆ ಮೇಘಶ್ರೀ ಕೆಲಸಕ್ಕೆ ಸೇರಿದ್ದು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ. ಬೆಳಿಗ್ಗೆ ಜಾವಗಲ್ ಬಸ್ಸಿಳಿದು ಕಾಲೇಜು, ಮಧ್ಯಾಹ್ನ ಎರಡಕ್ಕೆ ನನ್ನ ಆಫೀಸು, ಆರೂವರೆಯ ಬಸ್ಸಿಗೆ ಮನೆ. ಸೇರಿದ ವಾರವೇ ನಾನು ಕೂಡಿದ ಮೊತ್ತದಲ್ಲಿ ತಪ್ಪು ಹುಡುಕಿ, ತಾನೇ ತಪ್ಪು ಮಾಡಿದವಳ ಹಾಗೆ ಮುಖ ಸಣ್ಣದು ಮಾಡಿಕೊಂಡು ನಿಂತಳು. ನನಗೆ ಸಿಟ್ಟು ಬಂತು. ಮತ್ತೆ ಕೂಡಿ ನೋಡಿದರೆ ಅವಳು ಹೇಳಿದ್ದೇ ಸರಿ. ಅದಕ್ಕೂ ಸಿಟ್ಟು ಬಂತು.

ಅವಳ ತಂದೆ ಏಕಾಂತಯ್ಯ ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ. ಅನುಕೂಲವಾಗಿರುವ ಮನೆ. ಆದರೆ ಮಗಳು ಸಿಎ ಓದುತ್ತೇನೆ ಎಂದಾಗಲೆಲ್ಲ ಅವರದು ಒಂದೇ ಉತ್ತರ: "ಮದ್ವೆ ಆದ್ಮೇಲೆ ಅವ್ರ ಮನೇಲಿ ಓದ್ಕೊಳವ್ವ, ಯಾರ್ ಬ್ಯಾಡ ಅಂತಾರೆ?" ಬೇಲೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಹುಡುಗನೊಬ್ಬನ ಮನೆಯವರು ಆಗಲೇ ಅವಳ ಫೋಟೊ ತರಿಸಿಕೊಂಡಿದ್ದರು. ಡಿಗ್ರಿ ಮುಗಿದ ಕೂಡಲೇ ಮದುವೆ ಎಂಬುದು ಏಕಾಂತಯ್ಯನವರ ಲೆಕ್ಕ.

ಸಿಎ ಪಾಠಗಳು ಜೂನ್ ತಿಂಗಳಿಂದ, ಅದೂ ಆನ್‌ಲೈನಿನಲ್ಲಿ. ಅದಕ್ಕೆ ಲ್ಯಾಪ್‌ಟಾಪ್ ಬೇಕು. ಅಪ್ಪನನ್ನು ಕೇಳಿದರೆ ಮತ್ತೆ ಮದುವೆಯ ಮಾತೇ ಎದುರಿಗೆ ಬರುತ್ತದೆ. ನಾನು ಕೊಡಿಸುತ್ತೇನೆ ಎಂದರೆ ಒಪ್ಪಲಿಲ್ಲ. ಕ್ರೆಡಿಟ್ ಕಾರ್ಡ್ ಇದ್ದರೆ ಕಂತಿನಲ್ಲಿ ತರಬಹುದು, ತನ್ನ ಸಂಬಳದಲ್ಲೇ ತೀರಿಸಬಹುದು, ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಇದೆಲ್ಲ ಅವಳೇ ಕೂತು ಯೋಚಿಸಿದ್ದು.

ಬ್ಯಾಂಕುಗಳ ಮೇಲೆ ನನಗೆ ಹಳೆಯ ಕೋಪವಿದೆ. ಬೇಡ ಎನ್ನುವ ನನಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ ಕಾರ್ಡ್ ತಗೊಳ್ಳಿ ಎಂದು ತಲೆ ತಿನ್ನುತ್ತಾರೆ. ಬೇಕು ಎಂದು ತಾನಾಗಿ ಹೋದವಳಿಗೆ ಆ ಕಾಗದ ತಾ, ಈ ಕಾಗದ ತಾ ಎಂದು ನಾಲ್ಕು ಸಲ ಓಡಾಡಿಸಿದರು. ಕಾಲೇಜಿನ ಪತ್ರ, ಆಧಾರ್, ಪ್ಯಾನ್, ಫೋಟೊ, ನಾನು ಬರೆದುಕೊಟ್ಟ ಸಂಬಳದ ಪತ್ರ. ಕೊನೆಗೆ, ನಮ್ಮ ಕಡೆಯವರೊಬ್ಬರು ಮನೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ ಎಂದರು.

"ಮನೇಲಿ ಹೇಳಿದ್ದೀಯೇನಮ್ಮ?" ಎಂದು ಕೇಳಿದೆ.

"ಕಾರ್ಡ್ ಬಂದ್ಮೇಲೆ ಹೇಳ್ತೀನಿ ಸರ್. ಈಗ್ಲೇ ಹೇಳಿದ್ರೆ ಸಾಲ ಮಾಡ್ತೀಯಾ ಅಂತ ಅಪ್ಪ ಕೂಗಾಡ್ತಾರೆ."

ಹಾಗೆ ಮಾಡಬೇಡ ಎಂದು ಬುದ್ಧಿ ಹೇಳಬೇಕಾದವನು ನಾನು. ಅದು ಬಿಟ್ಟು ಮುಂದಿನ ಫೈಲು ತೆಗೆದೆ.

ಹದಿನೈದು ದಿನದ ಮೇಲೆ ಅವಳ ಮೊಬೈಲಿಗೆ ಒಂದು ಸಾಲಿನ ಸಂದೇಶ ಬಂತು. ಅರ್ಜಿ ತಿರಸ್ಕರಿಸಲಾಗಿದೆ. ಕಾರಣ ಬರೆದಿರಲಿಲ್ಲ. ಅವಳು ಓದಿ, ಮೊಬೈಲನ್ನು ಬೋರಲು ಹಾಕಿ, ಅರ್ಧಕ್ಕೆ ಬಿಟ್ಟಿದ್ದ ಬಿಲ್ಲನ್ನು ಕಂಪ್ಯೂಟರಿಗೆ ಹತ್ತಿಸತೊಡಗಿದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ, ನನಗೆ ಸಂಕಟವಾಯಿತು.

ಈ ಭಾಗದಲ್ಲಿ ಬ್ಯಾಂಕುಗಳ ಪರವಾಗಿ ಮನೆಮನೆಗೆ ಹೋಗಿ ವಿಚಾರಿಸುವವನು ಬೇಲೂರಿನ ಉಮೇಶ್. ಬೈಕಿನಲ್ಲಿ ಹಳೇಬೀಡು, ಜಾವಗಲ್, ಅರಸೀಕೆರೆ ಸುತ್ತುತ್ತಾನೆ. ಅವನ ತೆರಿಗೆ ಫಾರಂ ತುಂಬುವವನೂ ನಾನೇ. ಅವಳ ಎದುರಿಗೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಅದೆಲ್ಲ ಹೇಳಂಗಿಲ್ಲ ಸಾರ್," ಎಂದವನು ಉಸಿರು ತೆಗೆದುಕೊಂಡು ಎಲ್ಲವನ್ನೂ ಹೇಳಿದ. "ನಾನು ಹೋದಾಗ ಅಜ್ಜಿ ಒಬ್ರೇ ಇದ್ರು. ಬೇಲೂರಿಂದ ಬಂದಿದೀನಿ, ಬ್ಯಾಂಕಿನ ಕಡೆಯಿಂದ, ಮೇಘಶ್ರೀಯವರ ಬಗ್ಗೆ ಸ್ವಲ್ಪ ವಿಚಾರಿಸ್ಬೇಕಿತ್ತು ಅಂದೆ. ಕೂರಿಸಿ, ಕಾಫಿ ಕೊಟ್ಟು, ಮೊಮ್ಮಗಳ ಮಾನ ಹರಾಜಿಗೆ ಹಾಕಿದ್ರು. ಕೈಗೆ ದುಡ್ಡು ಸಿಕ್ರೆ ಸಂಜೆ ತನಕ ಉಳಿಯಾಕಿಲ್ಲ ಅಂದ್ರು. ಈಸ್ಕೊಂಡಿದ್ದು ತಿರುಗಿ ಕೊಟ್ಟ ಚರಿತ್ರೆನೇ ಇಲ್ಲ ಅಂದ್ರು. ಕೆಲಸದಲ್ಲಿ ತಿಂಗ್ಳು ನಿಂತ್ರೆ ಹೆಚ್ಚು ಅಂದ್ರು. ಸ್ವಂತ ಅಜ್ಜಿನೇ ಹಿಂಗಂದ್ರೆ ನಾನೇನ್ ಬರೀಲಿ ಹೇಳಿ?"

ಮೇಘಶ್ರೀ ಕಂಪ್ಯೂಟರಿನಿಂದ ಕೈ ತೆಗೆದಳು. ತಾಯಿಯಿಲ್ಲದ ಅವಳನ್ನು ಸಾಕಿ ಬೆಳೆಸಿದ್ದು ಆ ಅಜ್ಜಿ, ಏಕಾಂತಯ್ಯನವರ ತಾಯಿ ಕಮಲಾಕ್ಷಮ್ಮ. ದಿನವೂ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸುವುದೂ, ಬಸ್ಸು ತಡವಾದರೆ ನನಗೆ ಫೋನ್ ಮಾಡಿ ಜೀವ ತಿನ್ನುವುದೂ ಅವರೇ.

ಭಾನುವಾರ ಬೆಳಿಗ್ಗೆ ನಾನೇ ಜಾವಗಲ್ಲಿಗೆ ಹೋದೆ. ಮನಸ್ಸಿನಲ್ಲಿ ಬೈಗುಳವನ್ನು ಜೋಡಿಸಿಕೊಂಡೇ ಹೋಗಿದ್ದೆ. ಏಕಾಂತಯ್ಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಹಣೆ ತುಂಬ ವಿಭೂತಿ ಧರಿಸಿದ್ದ ಕಮಲಾಕ್ಷಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಬನ್ನಿ ಆಡಿಟ್ರೇ" ಎಂದರು. ಮೇಘಶ್ರೀ ನನ್ನನ್ನು ಕೂರುವುದಕ್ಕೂ ಬಿಡಲಿಲ್ಲ.

"ಅಜ್ಜಿ, ಮೊನ್ನೆ ಬೇಲೂರಿಂದ ಬಂದಿದ್ದೋರ ಹತ್ರ ನನ್ನ ಬಗ್ಗೆ ಏನಂದೆ?"

ಮುದುಕಿ ಮೊದಲು ಮಗನ ಮುಖ ನೋಡಿದರು. "ಯಾರು ಬಂದಿದ್ರವ್ವ?" ಎಂದು ಏಕಾಂತಯ್ಯ ಪೇಪರ್ ಮಡಿಚಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಕಾರ್ಡ್, ಲ್ಯಾಪ್‌ಟಾಪ್, ಉಮೇಶ್, ಎಲ್ಲವನ್ನೂ ನಾನೇ ಹೇಳಿದೆ.

"ಸಾಲದ ಕಾರ್ಡಾ?" ಏಕಾಂತಯ್ಯ ಎದ್ದು ನಿಂತರು. "ಮನೇಲಿ ನಾನಿಲ್ವಾ? ಊರೋರ ಮುಂದೆ ನನ್ನ ಮರ್ವಾದೆ ಏನಾಗಬೇಕು?"

ಕಮಲಾಕ್ಷಮ್ಮನಿಗೆ ಅದು ಕೇಳಿಸಲೇ ಇಲ್ಲ. "ಅಯ್ಯೋ ಶಿವನೇ, ಅವ್ನು ಗಂಡಿನ ಕಡೆಯೋನಲ್ವಾ?" ಎಂದರು.

ನನಗೆ ಆಗ ಅರ್ಥವಾಯಿತು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮೊದಲು ಗುರುತಿಲ್ಲದ ಒಬ್ಬನನ್ನು ಕಳಿಸಿ, ಹುಡುಗಿಯ ಗುಣ ನಡತೆ ವಿಚಾರಿಸಿಕೊಳ್ಳುವುದು ವಾಡಿಕೆ. ಗಂಡು ಬೇಲೂರಿನವನು, ಬ್ಯಾಂಕಿನವನು. ಬಂದವನೂ ಬೇಲೂರು, ಬ್ಯಾಂಕು ಎಂದ. ವಯಸ್ಸೆಷ್ಟು, ಸ್ವಂತ ಮನೆಯೇ, ಮನೆಯಲ್ಲಿ ಎಷ್ಟು ಜನ ಎಂದೂ ಕೇಳಿರುತ್ತಾನೆ. ಇನ್ನೇನು ಬೇಕು? ನನಗೆ ನಗು ಬಂದುಬಿಟ್ಟಿತು. ಉಳಿದ ಯಾರೂ ನಗಲಿಲ್ಲ.

"ಗಂಡಿನ ಕಡೆಯೋರು ಅಂದ್ಕೊಂಡೇ ಹಂಗಂದ್ಯಾ?" ಮೇಘಶ್ರೀ ಅಜ್ಜಿಯ ಎದುರಿಗೆ ಕೂತಳು. "ನಾನು ಅಷ್ಟು ಕೆಟ್ಟೋಳಾ ಅಜ್ಜಿ?"

ಕಮಲಾಕ್ಷಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನನ್ನ ವಿಚಾರ್ಸಕ್ಕೆ ಬಂದಾಗ ನಾನು ಏಳ್ನೇ ಕ್ಲಾಸು ಕಣೇ. ಇಡೀ ಸ್ಕೂಲಿಗೇ ಮೊದ್ಲು ಬತ್ತಿದ್ದೆ. ನಮ್ಮವ್ವ ಹೊಗಳಿದ್ಲು. ಪಕ್ಕದ ಮನೆಯೋರು ಹೊಗಳಿದ್ರು. ನಮ್ಮ ಮೇಷ್ಟ್ರೂ ಬಂದು ಇಂಥ ಹುಡುಗಿ ಇಲ್ಲ ಅಂತ ಹೊಗಳಿಬಿಟ್ರು. ತಿಂಗ್ಳೊಳಗೆ ಮದ್ವೆ ಆಗೋಯ್ತು. ಒಬ್ರಾದ್ರೂ ನನ್ನ ಮ್ಯಾಲೆ ಒಂದು ಕೆಟ್ಟ ಮಾತು ಆಡಿದ್ರೆ ಇನ್ನೊಂದ್ ವರ್ಷ ಓದ್ತಿದ್ದೆ."

ಮೇಘಶ್ರೀ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ನನ್ನ ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ.

ಏಕಾಂತಯ್ಯ ಮೆಲ್ಲಗೆ ಕೂತರು. ಐವತ್ತು ದಾಟಿದ ಮನುಷ್ಯ, ತಾಯಿ ಸ್ಕೂಲಿಗೆ ಹೋಗಿದ್ದರೆಂಬುದನ್ನೇ ಅಂದು ಮೊದಲ ಸಲ ಕೇಳುತ್ತಿದ್ದರು. "ನಂಗ್ಯಾಕ್ ಹೇಳ್ಲಿಲ್ಲವ್ವ?" ಎಂದರು.

"ನೀನ್ ಯಾವತ್ತು ಕೇಳಿದ್ಯಪ್ಪ?"

ಏಕಾಂತಯ್ಯ ಮಡಿಚಿದ ಪೇಪರನ್ನು ಪಕ್ಕಕ್ಕಿಟ್ಟರು. ಆಮೇಲೆ ಮೊಬೈಲ್ ತೆಗೆದು ಬೇಲೂರಿನವರಿಗೆ ಫೋನ್ ಹಚ್ಚಿದರು. "ಯಾರ್ನೂ ಕಳಿಸ್ಬ್ಯಾಡಿ ಸ್ವಾಮಿ. ನಮ್ಮ ಹುಡುಗಿ ಇನ್ನೂ ಓದ್ತಾಳೆ," ಎಂದು ಹೇಳಿ, ಆ ಕಡೆಯವರ ಮಾತಿಗೆ ಕಾಯದೆ ಇಟ್ಟರು.

"ಲ್ಯಾಪ್‌ಟಾಪು ನಾಳೆನೇ ತಂದ್ಕೊಡ್ತೀನಿ," ಎಂದರು ಮಗಳಿಗೆ.

"ಬೇಡಪ್ಪ. ನಾನೇ ತಗೋತೀನಿ."

ಏಕಾಂತಯ್ಯ ಮಗಳನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದರು. "ಹಂಗಾರೆ ಇನ್ನೊಂದ್ ಅರ್ಜಿ ಹಾಕವ್ವ," ಎಂದರು. "ಈ ಸಲ ವಿಚಾರ್ಸಕ್ಕೆ ಬಂದ್ರೆ ನಾನೇ ಮನೇಲಿ ಇರ್ತೀನಿ."