ಕಂಡಕ್ಟರ್ ಸುಚಿತ್ರಾ ಹಿನ್ನೀರಿಗೆ ಇಳಿದದ್ದು

ಸಕಲೇಶಪುರದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಕಂಡಕ್ಟರ್ ಸುಚಿತ್ರಾಳ ಮುಖಕ್ಕಿಂತ ಮೊದಲು ಗಂಟಲಿನ ಪರಿಚಯ. "ಪಾಳ್ಯದವರು ಯಾರ್ರೀ, ಬಾಗಿಲಿಗೆ ಬನ್ನಿ!" ಎಂದು ಅವಳು ಹಿಂದಿನಿಂದ ಕೂಗಿದರೆ ನಿದ್ದೆ ಹೋದವರೂ ಎದ್ದು ಚೀಲ ಹುಡುಕುತ್ತಾರೆ. ಆದರೆ ಅವಳು ಮೀನು ಹಿಡಿಯುವುದರಲ್ಲಿ ಎಂಥ ಹಟಗಾತಿ ಅನ್ನುವುದು ಮಾತ್ರ ಆ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಹುಟ್ಟಿದ್ದು ಆನೇಮಹಲ್ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ. ಅಪ್ಪ ಬಸವಯ್ಯ ಭಾನುವಾರ ಬಂತೆಂದರೆ ಗಾಳ ಹೆಗಲಿಗೆ ಹಾಕಿ ಹೊಳೆಗೆ ಹೊರಡುತ್ತಿದ್ದ. ಗಂಡು ಮಕ್ಕಳಿಲ್ಲದ್ದಕ್ಕೋ, ಮಗಳು ಕಾಲಿಗೆ ಸುತ್ತಿಕೊಳ್ಳುತ್ತಿದ್ದುದಕ್ಕೋ, ಅವಳನ್ನೂ ಕರೆದುಕೊಂಡು ಹೋಗುತ್ತಿದ್ದ. ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿ ಈಜು ಕಲಿಸಿದ. ಎರೆಹುಳ ಪೋಣಿಸುವುದು, ಬೆಂಡು ಮುಳುಗಿದ ತಕ್ಷಣ ಎಳೆಯದೆ ಒಂದುಸಿರು ತಡೆಯುವುದು, ಎಲ್ಲ ಅಲ್ಲೇ ಬಂದ ವಿದ್ಯೆ. ಮದುವೆಯಾಗಿ ಪಾಳ್ಯದ ಕಡೆ ಬಂದು, ಖಾಕಿ ತೊಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವಷ್ಟರಲ್ಲಿ ಗಾಳ ಅಟ್ಟ ಸೇರಿತ್ತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಹೋಂಸ್ಟೇಯವರು ತಮ್ಮ ಹಳೇ ಸಾಮಾನು ಮಾರುವುದಕ್ಕಿಟ್ಟರು. ಅದರಲ್ಲೊಂದು ಹಸಿರು ಕಯಾಕ್ ಇತ್ತು. ಒಬ್ಬರೇ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನೀರು ತಳ್ಳಿಕೊಂಡು ಹೋಗುವ ಪ್ಲಾಸ್ಟಿಕ್ ದೋಣಿ. ಅದರಲ್ಲಿ ಕೂತು ದೊಡ್ಡ ನೀರಿನ ನಡುವೆ ಗಾಳ ಹಾಕುವವರನ್ನು ಅವಳು ಮೊಬೈಲಿನಲ್ಲಿ ನೋಡಿ ನೋಡಿ ಆಸೆ ಬೆಳೆಸಿಕೊಂಡಿದ್ದಳು. ಅದನ್ನು ಕೊಂಡು, ಕೆಲಸಕ್ಕೆ ರಜೆಯನ್ನೂ ಹಾಕಿದಳು. ಗಂಡ ದೇವೇಂದ್ರ ಸಣ್ಣ ಕಾಫಿ ತೋಟದವನು, ಒಳ್ಳೆಯ ಮನುಷ್ಯ. ಆದರೆ ನೀರೆಂದರೆ ಮೊಣಕಾಲಿನ ಮೇಲೆ ಬರಬಾರದು ಅವನಿಗೆ.

"ರಜೆ ಹಾಕಿ ಜನ ಧರ್ಮಸ್ಥಳಕ್ಕೆ ಹೋಗ್ತಾರೆ ಕಣೇ," ಅಂದ.

"ನಾನು ಹೇಮಾವತಿ ಹಿನ್ನೀರಿಗೆ ಹೋಯ್ತೀನಿ. ನೀವು ದಡದಾಗೆ ಕುಂತ್ಕಳಿ ಸಾಕು," ಅಂದಳು.

ಮೊದಲ ತುತ್ತಿಗೇ ಕಲ್ಲು ಸಿಕ್ಕಿತು. ದೇವೇಂದ್ರನ ಗೆಳೆಯ ಬಾಲುವಿನ ಓಮ್ನಿಯ ನೆತ್ತಿಗೆ ಕಯಾಕ್ ಬಿಗಿದು ಹೊರಟವರು ಆಲೂರು ತಲುಪುವ ಮೊದಲೇ ಹಗ್ಗ ಕಿತ್ತುಬಂತು. ದೋಣಿ ಜಾರಿ ರಸ್ತೆಗೆ ಬಿದ್ದು ಧಡಧಡ ಉಜ್ಜಿಕೊಂಡು ಹೋಗಿ ಮೋರಿಗೆ ಮೂತಿ ಇಟ್ಟು ನಿಂತಿತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು, "ಏನ್ ಮಾರಾಯ್ರೇ, ಮೊಸಳೆ ಸಾಗಿಸ್ತಿದ್ದೀರಾ?" ಎಂದು ನಕ್ಕು ಎತ್ತುವುದಕ್ಕೆ ಕೈ ಕೊಟ್ಟ. ದೋಣಿಯ ಹೊಟ್ಟೆಯಲ್ಲಿ ಗೇಣುದ್ದ ಸೀಳು ಬಿದ್ದಿತ್ತು. ಸುಚಿತ್ರಾ ಆಲೂರಿನ ಅಂಗಡಿಯಲ್ಲಿ ಬಿರುಕು ಮುಚ್ಚುವ ಎಂಸೀಲ್ ಕೊಂಡು, ದಾರಿಯುದ್ದಕ್ಕೂ ಅದನ್ನು ಅಂಗೈಯಲ್ಲಿ ನಾದುತ್ತ ಕೂತು, ಇಳಿದ ತಕ್ಷಣ ಸೀಳಿಗೆ ಮೆತ್ತಿದಳು.

ಉಳಿದುಕೊಂಡದ್ದು ದೇವೇಂದ್ರನ ದೊಡ್ಡಮ್ಮ ಲಿಂಗಮ್ಮನ ಮನೆಯಲ್ಲಿ. ಹೊಲದ ತುದಿಯಲ್ಲೇ ಹಿನ್ನೀರು. ವಯಸ್ಸಾದರೂ ನಾಲಿಗೆ ಹರಿತವಾಗಿದ್ದ ಲಿಂಗಮ್ಮ ದೋಣಿಯನ್ನು ಒಂದು ಸುತ್ತು ಬಂದು ನೋಡಿದಳು.

"ಇದ್ರಾಗೆ ಕುಂತು ಮೀನು ಹಿಡೀತೀಯಾ? ಮೀನೇ ನಿನ್ನ ಹಿಡೀತವೆ, ಬುಡು."

ಬಲೆ ಬಿಡುವವರನ್ನು ಕೇಳಿಕೊಂಡು, ಅವರ ಬಲೆಯಿಲ್ಲದ ಒಂದು ಮೂಲೆ ನೋಡಿ, ಮಾರನೆಯ ಬೆಳಿಗ್ಗೆ ಸುಚಿತ್ರಾ ನೀರಿಗಿಳಿದಳು. ಲೈಫ್ ಜಾಕೆಟ್ಟಿನ ಜಿಪ್ ಮೊದಲ ಎಳೆತಕ್ಕೇ ಕೈಗೆ ಬಂತು. ಅದನ್ನು ಟವಲಿನಿಂದ ಸೊಂಟಕ್ಕೆ ಬಿಗಿದುಕೊಂಡಳು. ಹುಟ್ಟು ಹಾಕಿದ ಹಾಗೆ ದೋಣಿ ಬಾಣದಂತೆ ಹೋಯಿತು. ಅವಳ ಮೈಯೆಲ್ಲ ಹಗುರಾಯಿತು. ಆಮೇಲೆ ಮೆಲ್ಲಗೆ ದೋಣಿ ಭಾರವಾಗತೊಡಗಿತು. ಎಂಸೀಲ್ ಚಕ್ಕೆಯಂತೆ ಎದ್ದುಹೋಗಿತ್ತು. ಅದು ಸಾಲದೆಂದು ಹಿಂಬದಿಯಲ್ಲಿ ನೀರು ಬಸಿಯುವ ತೂತಿನ ಬಿರಡೆಯೂ ನಾಪತ್ತೆ. ಕಯಾಕ್ ಹಿಂದೊರಗಿ ಮುಳುಗುತ್ತಿದ್ದಾಗ ಅವಳು ನೀರಿಗೆ ಜಾರಿ, ಅದರ ಮೂತಿ ಹಿಡಿದು, ಎಮ್ಮೆ ಹೊಡೆದುಕೊಂಡು ಬರುವಂತೆ ದಡಕ್ಕೆ ಈಜಿ ತಂದಳು.

ದೇವೇಂದ್ರನ ಮುಖ ಬಿಳಿಚಿಹೋಗಿತ್ತು. "ಸಾಕು ಕಣೇ, ಮನೆಗೆ ಹೋಗಾನ."

"ನೀರು ಒಳಿಕ್ಕೆ ಎಲ್ಲಿಂದ ಬತ್ತಾ ಐತೆ ಅಂತ ಗೊತ್ತಾಯ್ತಲ್ಲ, ಮುಚ್ಚಿದ್ರಾಯ್ತು," ಅಂದಳು ಅವಳು, ತಲೆಗೂದಲು ಹಿಂಡಿಕೊಳ್ಳುತ್ತ.

ಆ ಮಧ್ಯಾಹ್ನ ಲಿಂಗಮ್ಮನ ಒಲೆಯ ಮುಂದೆ ರಿಪೇರಿ ಕೆಲಸ ಶುರುವಾಯಿತು. ಒಡೆದ ನೀಲಿ ಡ್ರಮ್ಮಿನ ಚೂರುಗಳನ್ನು ಸೀಳಿನ ಮೇಲಿಟ್ಟು, ಹಳೇ ಕುಡುಗೋಲನ್ನು ಕೆಂಡದಲ್ಲಿ ಕಾಯಿಸಿ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕರಗಿಸಿ ಬೆಸೆದಳು. ಒಂದು ಸಲ ಜಾಸ್ತಿ ಕಾದು ಸೀಳು ಅಗಲವಾಯಿತು. ಬೈದುಕೊಂಡು ಮತ್ತೆ ಮಾಡಿದಳು. ತೂತಿಗೆ ದೇವೇಂದ್ರನೇ ಹಾಲುವಾಣ ಮರದ ಮೆತ್ತನೆಯ ತುಂಡು ಕೆತ್ತಿ, ಸೈಕಲ್ ಟ್ಯೂಬ್ ಸುತ್ತಿ ಬಿರಡೆ ಮಾಡಿಕೊಟ್ಟ. ಮುಳುಗುತ್ತದೆಂದು ಹೆದರುವವನೇ ಮುಳುಗದ ಹಾಗೆ ಕೆತ್ತುವುದನ್ನು ನೋಡಿ ಸುಚಿತ್ರಾಳಿಗೆ ಗಂಡನ ಮೇಲೆ ಹೊಸದಾಗಿ ಪ್ರೀತಿ ಬಂತು.

ಎರಡನೆಯ ದಿನ ಒಂದು ಹನಿ ನೀರೂ ಒಳಗೆ ಬರಲಿಲ್ಲ. ಆದರೆ ನಡುನೀರಿನಲ್ಲಿ ಹುಟ್ಟು ಲಟಕ್ಕೆಂದು ಎರಡಾಯಿತು. ನಡುವಿನ ಕೀಲು ಸವೆದಿತ್ತು. ಒಂದು ತುಂಡು ಗಾಳಿಗೆ ತೇಲಿ ಹೋಯಿತು. ಉಳಿದ ತುಂಡಿನಿಂದಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುತ್ತ ಅವಳು ದಡ ಸೇರುವ ಹೊತ್ತಿಗೆ ತೋಳು ಕಳಚಿ ಬೀಳುವಂತಾಗಿತ್ತು. ಸಿಕ್ಕಿದ್ದು ಅಂಗೈಯಗಲದ ಎರಡು ಜಿಲೇಬಿ ಮೀನು. ಲಿಂಗಮ್ಮ ಅವನ್ನು ನೋಡಿ, "ಬೆಕ್ಕು ಕೇಳ್ತಾ ಇತ್ತು, ಒಳ್ಳೇದಾಯ್ತು," ಅಂದಳು.

ಓಮ್ನಿ ತರಲು ಬಾಲುವಿಗೆ ಫೋನು ಮಾಡುತ್ತೇನೆಂದು ದೇವೇಂದ್ರ ಎದ್ದ. ಸುಚಿತ್ರಾ ಅವನ ಪಕ್ಕ ಬಂದು ಕೂತಳು.

"ರೀ, ಬಸ್ಸು ಕೆಟ್ಟು ನಿಂತ್ರೆ ನಾನು ಇಳಿದು ಮನೆಗೆ ಹೋಯ್ತೀನಾ? ಜನಾನ ಊರು ಮುಟ್ಟಿಸಿಯೇ ಹೋಗೋದು. ಈಗ ಈ ಬಸ್ಸಿನಾಗೆ ಇರೋಳು ನಾನೊಬ್ಳೇ. ನನ್ನನ್ನೂ ನಾನು ಮುಟ್ಟಿಸ್ಬೇಕಲ್ವಾ?"

ಅವನು ಫೋನು ಜೇಬಿಗಿಟ್ಟು ಬಿದಿರು ಕಡಿಯಲು ಕತ್ತಿ ಹುಡುಕಿದ. ಡ್ರಮ್ಮಿನ ಮುಚ್ಚಳವನ್ನು ಅಲಗಾಗಿ ಕತ್ತರಿಸಿ, ಬಿದಿರಿನ ತುದಿ ಸೀಳಿ ಸಿಕ್ಕಿಸಿ, ತಂತಿ ಬಿಗಿದು ಇಬ್ಬರೂ ಸೇರಿ ಹುಟ್ಟು ಮಾಡಿದರು.

ರಜೆಯ ಕಡೆಯ ದಿನ ಮೋಡ ಕವಿದು ನೀರು ಸೀಸದ ಹಾಗೆ ನಿಂತಿತ್ತು. ಮುಳುಗಡೆಯಾದ ಹಳೇ ಮರದ ಬೊಡ್ಡೆಗಳು ಅಲ್ಲಲ್ಲಿ ತಲೆಯೆತ್ತಿದ್ದವು. ಅವುಗಳಿಂದ ಸ್ವಲ್ಪ ದೂರದಲ್ಲಿ ಸುಚಿತ್ರಾ ಒಂದು ಸಣ್ಣ ಮೀನನ್ನೇ ಪೋಣಿಸಿ ಗಾಳ ಬಿಟ್ಟಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೆಂಡು ಕುಣಿಯಲೂ ಇಲ್ಲ, ಸೀದಾ ಕೆಳಗೆ ಹೋಯಿತು. ಒಂದುಸಿರು ತಡೆದು ಎಳೆದಳು. ಕೋಲು ಬಿಲ್ಲಾಯಿತು. ದಾರ ಸುತ್ತುವ ರೀಲು ಕರಕರ ಎಂದು ಎರಡು ಸುತ್ತು ತಿರುಗಿ ಹಿಡಿದುಕೊಂಡಿತು. ಎಷ್ಟು ತಿರುವಿದರೂ ಅಲ್ಲಾಡದು. ಇನ್ನೊಂದು ಜಗ್ಗಿಗೆ ಕೋಲಿನ ತುದಿಯೂ ಮುರಿಯಿತು.

ಕೋಲನ್ನು ಕಾಲಡಿ ಹಾಕಿ, ಟವಲನ್ನು ಅಂಗೈಗೆ ಸುತ್ತಿ, ದಾರವನ್ನೇ ಹಿಡಿದಳು. ಮೀನು ದೋಣಿಯನ್ನು ಎಳೆದುಕೊಂಡು ಹೊರಟಿತು. ಹೊರಟದ್ದು ನೇರ ಆ ಬೊಡ್ಡೆಗಳ ಕಡೆಗೆ. ಅಲ್ಲಿ ಒಂದು ಸುತ್ತು ಹಾಕಿದರೆ ದಾರ ತುಂಡು. ಸುಚಿತ್ರಾ ಎರಡೂ ಕಾಲನ್ನು ಆಚೀಚೆ ನೀರಿಗಿಳಿಸಿ ಬ್ರೇಕು ಹಾಕಿದಳು. ದೋಣಿ ನಿಧಾನವಾಯಿತು. ಮೀನು ಎಳೆದಾಗ ದಾರ ಬಿಟ್ಟಳು, ದಣಿದಾಗ ಮೊಳದಷ್ಟು ಸುತ್ತಿಕೊಂಡಳು. ಟವಲಿನ ಮೇಲೂ ದಾರ ಕೊಯ್ದು ರಕ್ತ ಬಂತು. ದಡದಲ್ಲಿ ದೇವೇಂದ್ರ, "ಬುಟ್ಬುಡು ಸುಚೀ, ಬುಟ್ಬುಡು!" ಎಂದು ಕೂಗುತ್ತ ಓಡಿಬರುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಕೂಗೇ ಬದಲಾಯಿತು. "ಬುಡಬ್ಯಾಡ! ಎಡಕ್ಕೆ ತಿರುಗ್ತು ನೋಡು! ಬುಡಬ್ಯಾಡ ಕಣೇ!"

ಬೊಡ್ಡೆ ಇನ್ನೇನು ಕೈಗೆಟಕುವಷ್ಟು ಹತ್ತಿರ ಇದ್ದಾಗ ಮೀನು ಸೋತಿತು. ಬೆಳ್ಳಗೆ ಹೊಟ್ಟೆ ತೋರಿಸಿ ಮೇಲೆ ಬಂತು. ಬಾಳೆ ಮೀನು. ಅಗಲ ಬಾಯಿ, ಉದ್ದ ಮೀಸೆ. ಎತ್ತಿ ನಿಲ್ಲಿಸಿದರೆ ಅವಳ ಸೊಂಟ ಮುಟ್ಟೀತು. ದೋಣಿಗೆ ಎತ್ತಿಕೊಂಡರೆ ಮಗುಚುವುದು ಖಂಡಿತ. ಕಿವಿರಿಗೆ ಹಗ್ಗ ಪೋಣಿಸಿ ಪಕ್ಕಕ್ಕೆ ಕಟ್ಟಿ, ಬಿದಿರಿನ ಹುಟ್ಟು ಹಾಕುತ್ತ ತಿರುಗಿದಳು. ದೇವೇಂದ್ರ ಎದೆಮಟ್ಟ ನೀರಿಗಿಳಿದು ಕಾಯುತ್ತಿದ್ದ. ತಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

"ರೀ, ಕೆಳಗೆ ನೋಡ್ಕಳಿ," ಅಂದಳು. ನೋಡಿದವನು ದೋಣಿಯನ್ನು ತಬ್ಬಿ ಹಿಡಿದ. ಇಬ್ಬರೂ ಅಳು ಬರುವಷ್ಟು ನಕ್ಕರು.

ಸುದ್ದಿ ಕೇಳಿ ಬಲೆಯವರೂ ಬಂದು ನೋಡಿದರು. ಅವರಲ್ಲಿ ಹಿರಿಯನೊಬ್ಬ ಮೀನನ್ನಲ್ಲ, ದೋಣಿಯ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. "ಯಾರು ಮಾಡಿದ್ದು?" ಎಂದು ಕೇಳಿದ.

"ನಾನೇ," ಅಂದಳು ಸುಚಿತ್ರಾ. ಆ ಒಂದು ಮಾತು ಹೇಳುವಾಗ ಅವಳ ಎದೆ ಎಷ್ಟು ಅಗಲವಾಯಿತೆಂದರೆ, ಅಂಗೈಯ ಉರಿಯೇ ಮರೆತುಹೋಯಿತು.

ಲಿಂಗಮ್ಮ ಮಾತ್ರ ಹೊಗಳಲಿಲ್ಲ. ಮಸಾಲೆ ಅರೆದಳು, ಹುಣಿಸೆ ಕಿವುಚಿದಳು, ಮುದ್ದೆ ತಿರುವಿದಳು. ಊಟಕ್ಕೆ ಕೂತಾಗ ಸಾರಿನ ಮಡಕೆ ಹಿಡಿದು ಬಂದವಳು ದೇವೇಂದ್ರನ ತಟ್ಟೆ ದಾಟಿ ಮುಂದೆ ಹೋದಳು. ಆ ಮನೆಯಲ್ಲಿ ಮೀನಿನ ತಲೆ ಯಾವತ್ತೂ ಗಂಡಸಿನ ತಟ್ಟೆಗೇ ಬೀಳುತ್ತಿದ್ದುದು. ಈಗ ಅದು ಇಡಿಯಾಗಿ ಸುಚಿತ್ರಾಳ ತಟ್ಟೆಗೆ ಬಿತ್ತು.

"ಅತ್ತೇ, ಇದು ಇವ್ರಿಗೆ..." ಎಂದು ಸುಚಿತ್ರಾ ತಡೆಯಹೋದಳು.

"ಹಿಡಿದೋರು ಯಾರು?" ಅಂದಳು ಲಿಂಗಮ್ಮ. "ಸುಮ್ನೆ ಉಣ್ಣು ಮಗಾ, ಆರೋಯ್ತದೆ."

ದೇವೇಂದ್ರ ನಗುತ್ತ ಬಾಲದ ತುಂಡಿಗೆ ತಟ್ಟೆಯೊಡ್ಡಿದ. ಸುಚಿತ್ರಾ ಬಟ್ಟೆ ಸುತ್ತಿದ ಬಲಗೈಯಲ್ಲಿ ತುತ್ತು ಹಿಡಿಯಲಾಗದೆ, ಎಡಗೈಯಲ್ಲೇ ಚಮಚ ಹಿಡಿದು, ತಲೆ ಎತ್ತಿಕೊಂಡು ಉಂಡಳು.